ಸೇವಂತಿಗೆ ಎಣಿಸುವುದು ಕತ್ತಲನ್ನು

(ಹೂವಿನ ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉತ್ತರದೊಂದಿಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರುವವರು ಕಿಟಕಿಯಾಚೆ ಒಂದು ನೋಟ ಕಂಡಿರುತ್ತೀರಿ. ಸುತ್ತ ಗಾಢ ಕತ್ತಲು, ನಡುವೆ ಒಂದೇ ಒಂದು ಹೊಲ ಜಾತ್ರೆಯ ಹಾಗೆ ಬೆಳಗುತ್ತಿರುತ್ತದೆ. ಸಾಲು ಸಾಲು ಬಲ್ಬು, ಕೆಳಗೆ ಮೊಣಕಾಲುದ್ದದ ಹಸಿರು, ಮನುಷ್ಯರ ಸುಳಿವಿಲ್ಲ. ಹಿಂದೊಮ್ಮೆ ಚಳಿಗಾಲದಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು ಅದನ್ನು ನೋಡಿ, "ಪಾಪ, ಗಿಡಕ್ಕೆ ಚಳಿ ಆಗ್ದಿರ್ಲಿ ಅಂತ ಹಾಕವ್ರೆ" ಅಂದರು. ಹಿಂದಿನ ಸೀಟಿನ ಹುಡುಗ, "ಇಲ್ಲ ತಾತ, ಹೂ ಬೇಗ ಬರ್ಲಿ ಅಂತ" ಅಂದ.

ಇಬ್ಬರ ಊಹೆಯೂ ತಪ್ಪು. ಅದು ಸೇವಂತಿಗೆ ಹೊಲ, ಆ ದೀಪಗಳು ಉರಿಯುವುದು ಹೂವು ಬರದೆ ಇರಲಿ ಎಂದು. ಈ ಮಾತನ್ನು ನಾನು ಎಷ್ಟು ಕಡೆ ಹೇಳಿದರೂ, ಹೇಳಿದಾಗೆಲ್ಲ ಒಂದಿಬ್ಬರಾದರೂ ಹುಬ್ಬೇರಿಸುತ್ತಾರೆ. ವರ್ಷಗಟ್ಟಲೆ ಬಲ್ಬು ಹಾಕಿ ಬೆಳೆ ತೆಗೆದವರಲ್ಲೂ ಕೆಲವರು, "ಎಲ್ಲರೂ ಹಾಕ್ತಾರೆ, ನಾವೂ ಹಾಕ್ತೀವಿ ಸಾರ್" ಅನ್ನುತ್ತಾರೆ. ಕಾರಣ ಗೊತ್ತಿಲ್ಲದೆ ಮಾಡಿದರೂ ಬೆಳೆ ಬರುತ್ತದೆ. ಕರೆಂಟು ಹೋದ ದಿನ, ಬಲ್ಬು ಸುಟ್ಟ ದಿನ, ಯಾರೋ ಬಂದು ದುಬಾರಿ ದೀಪ ಮಾರಲು ನೋಡಿದ ದಿನ ಮಾತ್ರ ಕಾರಣ ಗೊತ್ತಿರಲೇಬೇಕು. ಆದ್ದರಿಂದ ಇವತ್ತು ಹೆಚ್ಚು ಹೊತ್ತು ಆ ಕಾರಣದ ಬಗ್ಗೆಯೇ ಮಾತಾಡುತ್ತೇನೆ.

ಗಿಡಕ್ಕೆ ಬೆಳಕು ಎರಡು ಥರ ಬೇಕು. ಒಂದು ಊಟಕ್ಕೆ. ಎಲೆ ಬಿಸಿಲು ಕುಡಿದು ಸಕ್ಕರೆ ಮಾಡಿಕೊಳ್ಳುವುದು ಅದರಿಂದ. ಬೆಳಕನ್ನು ಅಳೆಯುವ ಮಾನ ಲಕ್ಸ್; ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಇನ್ನೊಂದು ಸುದ್ದಿಗೆ. ಈಗ ಯಾವ ಕಾಲ, ಹಗಲು ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂದು ಗಿಡ ತಿಳಿದುಕೊಳ್ಳುವುದು ಬೆಳಕಿನಿಂದಲೇ. ಆ ಸುದ್ದಿಗೆ 100 ಲಕ್ಸ್ ಸಾಕು, ಅಂದರೆ ಬಿಸಿಲಿನ ಸಾವಿರದಲ್ಲಿ ಒಂದು ಪಾಲು. ನಮ್ಮ ಹೊಲದ ರಾತ್ರಿ ದೀಪಗಳು ಗಿಡಕ್ಕೆ ಒಂದು ತುತ್ತು ಊಟವನ್ನೂ ಕೊಡುವುದಿಲ್ಲ. ಅವು ಗಿಡಕ್ಕೆ ಹೇಳುವುದು ಒಂದೇ ಮಾತು: ರಾತ್ರಿ ಇನ್ನೂ ಉದ್ದವಾಗಿಲ್ಲ, ಅವಸರ ಬೇಡ.

ಈ ವಿಷಯ ಮೊದಲು ಹೊಳೆದದ್ದು ಹೂವಿನ ತೋಟದಲ್ಲಲ್ಲ, ತಂಬಾಕಿನ ಹೊಲದಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರ ಬಳಿ 'ಮೇರಿಲ್ಯಾಂಡ್ ಮ್ಯಾಮತ್' ಎಂಬ ದೈತ್ಯ ತಳಿಯಿತ್ತು. ಬೇಸಿಗೆಯಲ್ಲಿ ಬೆಳೆದು ಬೆಳೆದು ಎತ್ತರಕ್ಕೆ ಹೋಗುತ್ತಿತ್ತು, ಹೂವೇ ಬಿಡುತ್ತಿರಲಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಚೆನ್ನಾಗಿ ಹೂ ಬಿಡುತ್ತಿತ್ತು. ಶಾಖವಿರಬಹುದೆ, ಗೊಬ್ಬರವಿರಬಹುದೆ ಎಂದು ಎಲ್ಲ ನೋಡಿ ಸಾಕಾಗಿ, 1918ರ ಬೇಸಿಗೆಯಲ್ಲಿ ಒಂದು ಕತ್ತಲೆ ಗೂಡು ಕಟ್ಟಿ, ಸಂಜೆಗೆ ಮುಂಚೆಯೇ ಕುಂಡಗಳನ್ನು ಅದರೊಳಗೆ ಇಡತೊಡಗಿದರು. ನಡು ಬೇಸಿಗೆಯಲ್ಲೇ ಗಿಡ ಹೂ ಬಿಟ್ಟಿತು. 1920ರಲ್ಲಿ ಅವರು ಬರೆದದ್ದು ಹಗಲಿನ ಉದ್ದದ ಬಗ್ಗೆ. ಅಂದಿನಿಂದ, ಹಗಲು ಚಿಕ್ಕದಾದಾಗ ಹೂ ಬಿಡುವುದು 'ಹ್ರಸ್ವ ದಿನದ ಗಿಡ', ದೊಡ್ಡದಾದಾಗ ಬಿಡುವುದು 'ದೀರ್ಘ ದಿನದ ಗಿಡ' ಎಂಬ ಮಾತುಗಳು ಬಳಕೆಗೆ ಬಂದವು.

ಹೆಸರಿಟ್ಟದ್ದು ಹಗಲಿನ ಮೇಲೆ. ಗಿಡ ಅಳೆಯುತ್ತಿದ್ದದ್ದು ಕತ್ತಲನ್ನು. ಅದು ಖಚಿತವಾದದ್ದು 1938ರಲ್ಲಿ. ಹ್ಯಾಮ್ನರ್ ಮತ್ತು ಬಾನರ್ ಎಂಬ ವಿಜ್ಞಾನಿಗಳು ಕ್ಸಾಂಥಿಯಮ್ ಎಂಬ ಕಳೆಗಿಡದ ಮೇಲೆ ಪ್ರಯೋಗ ಮಾಡಿದರು. ಬೇಲಿ ಬದಿಯಲ್ಲಿ ನಡೆದರೆ ಪಂಚೆಗೆ ಅಂಟಿಕೊಳ್ಳುವ ಮುಳ್ಳುಕಾಯಿ ಇದೆಯಲ್ಲ, ಆ ಜಾತಿಯದು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಗಿಡ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಉದ್ದ ರಾತ್ರಿಯ ನಡುವೆ ಸ್ವಲ್ಪವೇ ಬೆಳಕು ತೋರಿಸಿದರೆ ಹೂ ನಿಂತುಹೋಯಿತು. ಕತ್ತಲು ಒಂದೇ ಎಳೆಯಾಗಿ ಇರಬೇಕು. ನಡುವೆ ಕಡಿದರೆ ಗಿಡ ಮತ್ತೆ ಒಂದರಿಂದ ಎಣಿಸಬೇಕು. ನಮ್ಮ ಸೇವಂತಿಗೆಯ ಬೇಸಾಯ ಪೂರ್ತಿ ನಿಂತಿರುವುದು ಇದರ ಮೇಲೆ.

ಈಗ ನಮ್ಮ ಊರಿಗೆ ಬರೋಣ. ಕತ್ತರಿಸುವ ಹೂವಿಗೆಂದು ಬೆಳೆಯುವ ಹೆಚ್ಚಿನ ಸೇವಂತಿಗೆ ತಳಿಗಳಲ್ಲಿ ಹಗಲು ಸುಮಾರು ಹದಿನಾಲ್ಕೂವರೆ ಗಂಟೆಗಿಂತ ಕಡಿಮೆಯಾದರೆ ತುದಿಯಲ್ಲಿ ಮೊಗ್ಗು ಹುಟ್ಟುತ್ತದೆ. ಹದಿಮೂರೂವರೆಗಿಂತ ಕಡಿಮೆಯಾದರೆ ಆ ಮೊಗ್ಗು ಬಲಿತು ಅರಳುತ್ತದೆ. ತಳಿಯಿಂದ ತಳಿಗೆ ಸ್ವಲ್ಪ ಆಚೀಚೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷದ ಆಸುಪಾಸು, ಜೂನಿನ ಅತಿ ದೊಡ್ಡ ಹಗಲು ಹದಿಮೂರು ಗಂಟೆಗೂ ಸ್ವಲ್ಪ ಕಡಿಮೆ. ಅರ್ಥವಾಯಿತಲ್ಲ? ಇಂಥ ತಳಿಗಳ ಕಣ್ಣಿಗೆ ನಮ್ಮಲ್ಲಿ ವರ್ಷಪೂರ್ತಿ ಚಿಕ್ಕ ಹಗಲೇ. ಹಾಲೆಂಡಿನಲ್ಲಿ ಜೂನಿನ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ. ಅಲ್ಲಿ ಬೇಸಿಗೆಯಲ್ಲಿ ಗಿಡ ತಾನಾಗಿ ಎತ್ತರಕ್ಕೆ ಬೆಳೆಯುತ್ತದೆ, ಬೆಳೆಗಾರ ಕಷ್ಟಪಡುವುದು ಕತ್ತಲು ಮಾಡಲಿಕ್ಕೆ. ನಮಗೆ ತಿರುವುಮುರುವು. ಸಸಿ ನೆಟ್ಟು ಸುಮ್ಮನೆ ಬಿಟ್ಟರೆ ಗೇಣುದ್ದ ಬೆಳೆಯುವಷ್ಟರಲ್ಲಿ ಮೊಗ್ಗು ಹೊರುತ್ತದೆ. ಹೂವು ಬಂದೀತು, ಕಾಂಡ ಎಲ್ಲಿ? ಕೊಂಬೆ ಎಲ್ಲಿ? ಕೊಂಬೆಯಿಲ್ಲದೆ ಬಿಡಿ ಹೂವಿನ ತೂಕ ಎಲ್ಲಿಂದ ಬರಬೇಕು? ಅದಕ್ಕೇ ಮೊದಲ ಮೂರು ನಾಲ್ಕು ವಾರ ರಾತ್ರಿ ದೀಪ ಹಾಕಿ ಗಿಡವನ್ನು ಮಗುವಾಗಿಯೇ ಇಟ್ಟುಕೊಳ್ಳುತ್ತೇವೆ. ಬೇಕಾದಷ್ಟು ಬೆಳೆದ ಮೇಲೆ ದೀಪ ಆರಿಸುತ್ತೇವೆ. ಅವತ್ತಿನಿಂದ ಎಣಿಸಿದರೆ ತಳಿಗೆ ತಕ್ಕಂತೆ ಏಳು, ಎಂಟು ಅಥವಾ ಒಂಬತ್ತು ವಾರಕ್ಕೆ ಹೂವು. ನರ್ಸರಿಯವರು 'ಎಂಟು ವಾರದ ತಳಿ' ಅನ್ನುವುದು ನೆಟ್ಟ ದಿನದಿಂದಲ್ಲ, ದೀಪ ಆರಿಸಿದ ದಿನದಿಂದ. ಇದನ್ನು ತಪ್ಪು ತಿಳಿದು ಹಬ್ಬ ತಪ್ಪಿಸಿಕೊಂಡವರನ್ನು ನೋಡಿದ್ದೇನೆ.

ಹಬ್ಬದ ಮಾತು ಬಂತು, ಅದನ್ನೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಮಟ್ಟಿಗೆ ಈ ದೀಪಗಳ ನಿಜವಾದ ಕೆಲಸ ಇರುವುದು ಇಲ್ಲೇ. ಗಿಡಕ್ಕೆ ಗೊತ್ತಿರುವುದು ಸೌರಮಾನ. ಸೂರ್ಯ ಎಲ್ಲಿದ್ದಾನೆ, ರಾತ್ರಿ ಎಷ್ಟುದ್ದ, ಅಷ್ಟೇ. ನಮ್ಮ ಹಬ್ಬಗಳು ನಡೆಯುವುದು ಚಾಂದ್ರಮಾನದಲ್ಲಿ. ವರಮಹಾಲಕ್ಷ್ಮಿ ಹಬ್ಬ 2023ರಲ್ಲಿ ಅಧಿಕ ಶ್ರಾವಣದ ದೆಸೆಯಿಂದ ಆಗಸ್ಟ್ 25ಕ್ಕೆ ಹೋಯಿತು. 2024ರಲ್ಲಿ ಆಗಸ್ಟ್ 16, 2025ರಲ್ಲಿ ಆಗಸ್ಟ್ 8. ಆಯುಧಪೂಜೆ 2023ರಲ್ಲಿ ಅಕ್ಟೋಬರ್ 23, 2025ರಲ್ಲಿ ಅಕ್ಟೋಬರ್ 1. ಮೂರು ವಾರದ ಅಂತರ! ಕೆ.ಆರ್. ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ದಿನದ ಸೇವಂತಿಗೆ ಬೆಲೆಯೂ ಹಬ್ಬ ಮುಗಿದ ಮರುದಿನದ ಬೆಲೆಯೂ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಂಚಾಂಗದಲ್ಲಿ ಅಧಿಕ ಮಾಸ ಬಂದಿದೆ ಎಂದು ಗಿಡಕ್ಕೆ ಹೇಳುವವರು ಯಾರು? ಆ ಬಲ್ಬು.

2025ರ ಆಯುಧಪೂಜೆಯನ್ನೇ ತೆಗೆದುಕೊಳ್ಳಿ. ಹಬ್ಬ ಅಕ್ಟೋಬರ್ 1. ಮುಖ್ಯ ಕೊಯ್ಲು ಸೆಪ್ಟೆಂಬರ್ 26ರಿಂದ ಶುರುವಾಗಬೇಕು ಅಂತಿಟ್ಟುಕೊಳ್ಳೋಣ. ಎಂಟು ವಾರದ ತಳಿಯಾದರೆ 56 ದಿನ ಹಿಂದಕ್ಕೆ, ಆಗಸ್ಟ್ 1ಕ್ಕೆ ದೀಪ ಆರಬೇಕು. ಅದಕ್ಕೂ ಹಿಂದೆ ನಾಲ್ಕು ವಾರ ದೀಪದ ಕಾಲ, ಅಂದರೆ ಜುಲೈ 4ಕ್ಕೆ ಬೇರು ಬಿಟ್ಟ ಸಸಿ ಮಡಿಯಲ್ಲಿ ಕೂತಿರಬೇಕು. 2023ರ ಹಬ್ಬಕ್ಕಾದರೆ ಇಡೀ ಲೆಕ್ಕ 22 ದಿನ ಮುಂದಕ್ಕೆ. ನಾನು ಪ್ರತಿ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಮಾಡುವ ಮೊದಲ ಕೆಲಸ ಇದು: ಹಬ್ಬಗಳಿಗೆ ಕೆಂಪು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ದೀಪ ಆರಿಸುವ ದಿನಕ್ಕೆ ಒಂದು ಗುರುತು, ನಾಟಿಗೆ ಇನ್ನೊಂದು ಗುರುತು.

ಇದೇನೂ ನಮ್ಮೊಬ್ಬರ ಪಾಡಲ್ಲ. ಜಪಾನಿನ ಐಚಿ ಪ್ರಾಂತ್ಯದ ಅತ್ಸುಮಿ ಪರ್ಯಾಯ ದ್ವೀಪ ಇಂಥ ದೀಪದ ಸೇವಂತಿಗೆಗೆ ಹೆಸರಾದ ಜಾಗ. ಅದಕ್ಕೆ ಅವರಲ್ಲಿ 'ದೆನ್‌ಶೋಗಿಕು' ಎಂಬ ಪ್ರತ್ಯೇಕ ಹೆಸರೇ ಇದೆ. ರಾತ್ರಿ ಗುಡ್ಡದ ಮೇಲೆ ನಿಂತು ಕೆಳಗೆ ಬೆಳಗುವ ಗ್ರೀನ್‌ಹೌಸ್‌ಗಳನ್ನು ನೋಡಲು ಅಲ್ಲಿಗೆ ಜನ ಹೋಗುತ್ತಾರೆ. ಅವರ ಲೆಕ್ಕವೂ ಹಬ್ಬದ್ದೇ: ಹೊಸ ವರ್ಷ, ಹಿರಿಯರನ್ನು ನೆನೆಯುವ ಓಬೋನ್ ಮತ್ತು ಹಿಗಾನ್ ದಿನಗಳು. ನಮ್ಮ ಹಾಗೆ ಅವರ ಹಬ್ಬಗಳಿಗೂ ಸೇವಂತಿಗೆ ಬೇಕಾಗುವುದು ನನಗೆ ಬಹಳ ಇಷ್ಟದ ಸಂಗತಿ.

ಸರಿ, ದೀಪ ಎಷ್ಟು ಹೊತ್ತಿಗೆ ಹಾಕಬೇಕು? ರೂಢಿಯಲ್ಲಿರುವುದು ರಾತ್ರಿ ಹತ್ತರಿಂದ ಎರಡರವರೆಗೆ. ಕೆಲವರು "ಸಂಜೆ ಆರರಿಂದ ಹತ್ತರವರೆಗೆ ಹಾಕಿದ್ರೂ ನಾಲ್ಕೇ ಗಂಟೆ ಅಲ್ವಾ?" ಎಂದು ಕೇಳುತ್ತಾರೆ. ಗಂಟೆ ಒಂದೇ, ಫಲ ಒಂದೇ ಅಲ್ಲ. ಡಿಸೆಂಬರಿನಲ್ಲಿ ಆರಕ್ಕೆ ಸೂರ್ಯ ಮುಳುಗಿ ಬೆಳಿಗ್ಗೆ ಆರೂವರೆ ದಾಟಿದ ಮೇಲೆ ಹುಟ್ಟುತ್ತಾನೆ. ಸಂಜೆಯೇ ಹಾಕಿ ಹತ್ತಕ್ಕೆ ಆರಿಸಿದರೆ ಮುಂದೆ ಎಂಟೂವರೆ ಗಂಟೆ ಒಂದೇ ಎಳೆಯ ಕತ್ತಲು ಉಳಿಯುತ್ತದೆ. ನಡುರಾತ್ರಿ ಹಾಕಿದರೆ ಹಿಂದೆ ನಾಲ್ಕು, ಮುಂದೆ ನಾಲ್ಕೂವರೆ ಗಂಟೆಯ ಎರಡು ತುಂಡು. ಎಂಟೂವರೆ ಗಂಟೆ ಗಿಡಕ್ಕೆ ಗಡಿಯ ಹತ್ತಿರದ ಲೆಕ್ಕ. ನಾಲ್ಕು ಗಂಟೆಯಲ್ಲಿ ಯಾವ ಅನುಮಾನವೂ ಇಲ್ಲ.

ಇದರ ಹಿಂದೆ ಇನ್ನೊಂದು ಸ್ವಾರಸ್ಯವಿದೆ. 1930ರ ದಶಕದಲ್ಲಿ ಮಾಸ್ಕೋದಲ್ಲಿ ಚೈಲಾಖ್ಯಾನ್ ಎಂಬ ವಿಜ್ಞಾನಿ ಇದೇ ಸೇವಂತಿಗೆ ಗಿಡದ ಮೇಲ್ಭಾಗದ ಎಲೆ ಬಿಡಿಸಿ, ಕೆಳಗಿನ ಎಲೆಗಳಿಗೆ ಮಾತ್ರ ಚಿಕ್ಕ ಹಗಲು ತೋರಿಸಿದ. ತುದಿಗೆ ದೊಡ್ಡ ಹಗಲೇ ಸಿಗುತ್ತಿದ್ದರೂ ಹೂವು ಬಂತು. ಎಲೆ ನೋಡುತ್ತದೆ, ತುದಿಗೆ ಯಾವುದೋ ಸಂದೇಶ ಕಳಿಸುತ್ತದೆ ಎಂದು ಊಹಿಸಿ ಅದಕ್ಕೆ 'ಫ್ಲೋರಿಜೆನ್' ಎಂದು ಹೆಸರಿಟ್ಟ. ಆ ಸಂದೇಶ ಒಂದು ಪ್ರೋಟೀನ್ ಎಂದು ಗೊತ್ತಾಗಲು 2007 ಬರಬೇಕಾಯಿತು, ಎಪ್ಪತ್ತು ವರ್ಷ. ಆಮೇಲೆ 2013ರಲ್ಲಿ ಜಪಾನಿನ ಸಂಶೋಧಕರು ಸೇವಂತಿಗೆಯ ಕಾಡು ಬಂಧುವೊಂದರಲ್ಲಿ ಇದರ ಎದುರಾಳಿಯನ್ನು ಕಂಡರು. ಹೂ ಬಿಡು ಎನ್ನುವ ಸಂದೇಶವಿದ್ದ ಹಾಗೆ ಬಿಡಬೇಡ ಎನ್ನುವ ಸಂದೇಶವೂ ಎಲೆಯಲ್ಲೇ ಹುಟ್ಟುತ್ತದೆ. ಸಂಜೆಯಾಗಿ ಇಷ್ಟು ಹೊತ್ತಾದ ಮೇಲೆ ಎಲೆಯೊಳಗೆ ಒಂದು ಬಾಗಿಲು ತೆರೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬೆಳಕು ಬಿದ್ದರೆ ತಡೆಯುವ ಸಂದೇಶ ತಯಾರಾಗುತ್ತದೆ, ಬೀಳದಿದ್ದರೆ ಇಲ್ಲ. ನಿಮ್ಮ ನಡುರಾತ್ರಿಯ ಬಲ್ಬು ಆ ತೆರೆದ ಬಾಗಿಲಿನಿಂದ ಒಳಗೆ ಹೋಗುತ್ತಿದೆ. ಬೆಳೆಗಾರರು ಅನುಭವದಿಂದ ಹಿಡಿದ ಸಮಯಕ್ಕೆ ಕಾರಣ ಸಿಕ್ಕಿದ್ದು ಇಷ್ಟು ತಡವಾಗಿ.

ಇನ್ನು ಎಲ್‌ಇಡಿ. ಹಿಂದೆಲ್ಲ ಹಳದಿ ಬೆಳಕಿನ ತಂತಿ ಬಲ್ಬು. 2009ರಿಂದ ಯುರೋಪಿನಲ್ಲಿ ಅದನ್ನು ಹಂತ ಹಂತವಾಗಿ ನಿಲ್ಲಿಸತೊಡಗಿದರು, ಉಳಿದ ಕಡೆಯೂ ಅದೇ ಆಯಿತು. ನಮ್ಮಲ್ಲಿ 2015ರ ಜನವರಿಯಲ್ಲಿ ಉಜಾಲಾ ಯೋಜನೆ ಬಂದು, 9 ವ್ಯಾಟಿನ ಬಲ್ಬು ಮನೆಮನೆಗೂ ಅಗ್ಗವಾಗಿ ಸಿಕ್ಕಿತು. ಅಲ್ಲಿಂದ ಹೊಲಕ್ಕೂ ಬಂತು. ಲೆಕ್ಕ ಹಾಕಿ ನೋಡಿ. ಎಕರೆಗೆ ಹತ್ತು ಅಡಿಗೊಂದರಂತೆ ಸುಮಾರು 435 ಬಲ್ಬು. 60 ವ್ಯಾಟಿನ ಹಳೆ ಬಲ್ಬಾದರೆ ರಾತ್ರಿಗೆ ನಾಲ್ಕು ಗಂಟೆಗೆ 104 ಯೂನಿಟ್. 9 ವ್ಯಾಟಿನ ಎಲ್‌ಇಡಿಯಾದರೆ 16 ಯೂನಿಟ್ ಒಳಗೆ. ಒಂದು ತಿಂಗಳಿಗೆ 3,100 ಯೂನಿಟ್ ಎಲ್ಲಿ, 470 ಎಲ್ಲಿ! ದೊಡ್ಡ ಪಾಲಿಹೌಸಿನವರು ಮಾತ್ರ ಮಾಡುತ್ತಿದ್ದದ್ದನ್ನು ಅರ್ಧ ಎಕರೆಯವರೂ ಮಾಡುವಂತಾಗಿದ್ದು ಇದರಿಂದಲೇ. ಇನ್ನೂ ಒಂದು ಅನುಕೂಲವಿದೆ. ನಾಲ್ಕು ಗಂಟೆ ಪೂರ್ತಿ ಉರಿಸುವ ಬದಲು ಅರ್ಧ ಗಂಟೆಗೊಮ್ಮೆ ಆರೇಳು ನಿಮಿಷ ಹಾಕಿ ಆರಿಸಿದರೂ ಎಷ್ಟೋ ತಳಿಗಳು ಕೇಳುತ್ತವೆ. ಸಿಎಫ್‌ಎಲ್ ಹೀಗೆ ಹೊತ್ತಿಸಿ ಆರಿಸಿದರೆ ಬೇಗ ಹಾಳಾಗುತ್ತಿತ್ತು, ಎಲ್‌ಇಡಿ ತಡೆದುಕೊಳ್ಳುತ್ತದೆ. ಮೊದಲು ಒಂದು ಮಡಿಯಲ್ಲಿ ಮಾಡಿ ನೋಡಿ, ಒಮ್ಮೆಗೇ ಇಡೀ ತೋಟಕ್ಕೆ ಬೇಡ.

ಎಲ್‌ಇಡಿಯಲ್ಲಿ ಬಣ್ಣ ಆರಿಸಿಕೊಳ್ಳಬಹುದು, ಗೊಂದಲ ಶುರುವಾಗುವುದೂ ಅಲ್ಲೇ. ಗುಲಾಬಿ ನೇರಳೆ ಬೆಳಕಿನ ದೀಪಗಳನ್ನು ಹಿಡಿದು ತೋಟಕ್ಕೆ ಬರುವವರಿದ್ದಾರೆ. "ಇದು ಸ್ಪೆಷಲ್ ಗ್ರೋ ಲೈಟ್, ಹೂವಿಗೇ ಮಾಡಿದ್ದು" ಅನ್ನುತ್ತಾರೆ. ಒಂದೊಂದರ ಬೆಲೆಗೆ ಹತ್ತಾರು ಸಾದಾ ಬಲ್ಬು ಬರುತ್ತವೆ. ಅವನ್ನು ತೆಗೆದುಕೊಳ್ಳುವ ಮುಂಚೆ ಈ ವಿಷಯ ತಿಳಿದಿರಲಿ.

ಎಲೆಯೊಳಗೆ ಕತ್ತಲು ಬೆಳಕು ಗುರುತಿಸುವ ಒಂದು ವಸ್ತುವಿದೆ, ಫೈಟೋಕ್ರೋಮ್. ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಜೊತೆಯವರು 1952ರಲ್ಲಿ ಲೆಟ್ಯೂಸ್ ಸೊಪ್ಪಿನ ಬೀಜದ ಮೇಲೆ ಅದರ ಆಟ ಕಂಡುಹಿಡಿದರು. ಕೆಂಪು ಬೆಳಕು ತೋರಿಸಿದರೆ ಬೀಜ ಮೊಳೆಯುತ್ತದೆ. ಕೆಂಪಿನಾಚೆ, ನಮ್ಮ ಕಣ್ಣಿಗೆ ಕಾಣುವ ಗಡಿಯಲ್ಲಿರುವ 'ಫಾರ್ ರೆಡ್' ಬೆಳಕು ತೋರಿಸಿದರೆ ಮೊಳೆಯುವುದಿಲ್ಲ. ಎರಡನ್ನೂ ಒಂದಾದ ಮೇಲೊಂದು ಎಷ್ಟು ಸಲ ಬೇಕಾದರೂ ತೋರಿಸಿ, ಕೊನೆಗೆ ಯಾವುದನ್ನು ತೋರಿಸಿದಿರೋ ಅದೇ ತೀರ್ಮಾನ. ಮನೆಯ ದೀಪದ ಸ್ವಿಚ್ಚಿದ್ದ ಹಾಗೆ. ಬೆಳಕಿನ ಅಲೆಯ ಉದ್ದದಲ್ಲಿ ಹೇಳುವುದಾದರೆ ಕೆಂಪು ಸುಮಾರು 660 ನ್ಯಾನೋಮೀಟರ್, ಫಾರ್ ರೆಡ್ ಸುಮಾರು 730.

ಸೇವಂತಿಗೆಯ ಹೂವನ್ನು ತಡೆಯಲು ಬೇಕಾದದ್ದು ಆ ಕೆಂಪು. ವಾರ್ಮ್ ವೈಟ್ ಎಂದು ಮಾರುವ, ಸ್ವಲ್ಪ ಹಳದಿ ಛಾಯೆಯ ಸಾದಾ ಎಲ್‌ಇಡಿಯಲ್ಲಿ ಅದು ಸಾಕಷ್ಟಿದೆ. ಕಣ್ಣು ಕುಕ್ಕುವ ನೀಲಿ ಬಿಳುಪಿನ ಕೂಲ್ ಡೇಲೈಟ್ ಬಲ್ಬಿನಲ್ಲಿ ಕೆಂಪಿನ ಪಾಲು ಕಡಿಮೆ, ಹಾಗಾಗಿ ನಾನು ವಾರ್ಮ್ ವೈಟನ್ನೇ ಹೇಳುತ್ತೇನೆ. ಬರೀ ಕೆಂಪು ಎಲ್‌ಇಡಿ ಸಿಕ್ಕರೆ ಇನ್ನೂ ಒಳ್ಳೆಯದು. ನೀಲಿಯ ಮೇಲೆ ಮಾತ್ರ ನಂಬಿಕೆ ಇಡಬೇಡಿ. 2014ರಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಹನ್ನೊಂದು ಗಂಟೆಯ ಹಗಲಿನ ಮೇಲೆ ನಾಲ್ಕು ಗಂಟೆ ಬರೀ ನೀಲಿ ಬೆಳಕು ಕೊಟ್ಟು ನೋಡಿದರು. ಒಟ್ಟು ಹದಿನೈದು ಗಂಟೆಯಾದರೂ ಸೇವಂತಿಗೆ ಮೊಗ್ಗು ಕಟ್ಟಿತು. ನೀಲಿಯನ್ನು ಅದು ಹಗಲಿನ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಸೇವಂತಿಗೆ, ಡೇಲಿಯಾ, ಚೆಂಡು ಹೂವುಗಳ ಮೇಲೆ ನೋಡಿದಾಗ ಬರೀ ಫಾರ್ ರೆಡ್ ಕೂಡ ಹೂವನ್ನು ತಡೆಯಲಿಲ್ಲ. ಕೆಂಪಿನ ಪಾಲು ಸಾಕಷ್ಟಿದ್ದಾಗ ತಡೆಯಿತು.

ಪೆಟೂನಿಯಾ, ಸ್ನ್ಯಾಪ್‌ಡ್ರಾಗನ್ ಥರದ ಕುಂಡದ ಹೂಗಳನ್ನು ಬೆಳೆಯುವವರು ಇಲ್ಲಿದ್ದರೆ ನಿಮಗೆ ಇದು ಉಲ್ಟಾ. ಅವು ದೀರ್ಘ ದಿನದ ಗಿಡಗಳು, ದೀಪ ಹಾಕಿದರೆ ಹೂವು ಬೇಗ. ಆದರೆ ಅವಕ್ಕೆ ಕೆಂಪಿನ ಜೊತೆ ಸ್ವಲ್ಪ ಫಾರ್ ರೆಡ್ ಕೂಡ ಬೇಕು. ಹಳೆಯ ತಂತಿ ಬಲ್ಬಿನಲ್ಲಿ ಅದು ಧಾರಾಳವಾಗಿತ್ತು, ಸಾದಾ ಎಲ್‌ಇಡಿಯಲ್ಲಿ ಬಹಳ ಕಡಿಮೆ. ಅಂಥವರು ಎರಡೂ ಬೆರೆತ ದೀಪಕ್ಕೆ ದುಡ್ಡು ಹಾಕಿದರೆ ಅರ್ಥವಿದೆ. ಸೇವಂತಿಗೆಯವರು ಹಾಕುವುದು ದಂಡ.

ಬಲ್ಬಿನ ಜಾತಿಗಿಂತ ಹೆಚ್ಚು ಬೆಳೆ ಕೆಡಿಸುವುದು ಬೆಳಕಿನ ಏರುಪೇರು. ಒಂದು ದೃಶ್ಯ ಹೇಳುತ್ತೇನೆ. ಐದು ವಾರ ದೀಪ ಕಂಡ ಒಂದು ಹೊಲಕ್ಕೆ ಹಗಲು ಹೊತ್ತಿನಲ್ಲಿ ಹೋಗಿದ್ದೆ. ಎಲ್ಲ ಒಂದೇ ಸಮ ಹಸಿರು, ನಡುವೆ ಒಂದು ಕಡೆ ಮಾತ್ರ ಗಿಡಗಳು ಗಿಡ್ಡ, ತುದಿಯಲ್ಲಿ ಬಟಾಣಿಯಷ್ಟು ಮೊಗ್ಗು. ಬಾಂಡಲಿ ಬೋರಲು ಹಾಕಿ ಗೆರೆ ಎಳೆದ ಹಾಗೆ ದುಂಡಗಿತ್ತು. ತಲೆ ಎತ್ತಿ ನೋಡಿದರೆ ಸರಿಯಾಗಿ ಮೇಲೆ ಕಪ್ಪಿಟ್ಟ ಬಲ್ಬು. ಯಾವಾಗ ಸುಟ್ಟಿತೋ ಯಾರೂ ನೋಡಿರಲಿಲ್ಲ. ಅಲ್ಲೇ ಒಂದು ತುದಿ ಚಿವುಟಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ತೋರಿಸಿದೆ. ಬೆಳಕು ಬಿದ್ದ ಗಿಡದ ತುದಿ ಚೂಪಾಗಿ, ಎಳೆ ಎಲೆಗಳು ಒಂದನ್ನೊಂದು ತಬ್ಬಿಕೊಂಡಿದ್ದವು. ಕತ್ತಲಲ್ಲಿದ್ದ ಗಿಡದ ತುದಿ ಚಪ್ಪಟೆಯಾಗಿ ಅಗಲವಾಗಿತ್ತು, ಅದರ ಮೇಲೆ ಸಾಸಿವೆಗಿಂತ ಸಣ್ಣ ಗುಬುಟುಗಳು ಸುತ್ತು ಸುತ್ತಾಗಿ ಕೂತಿದ್ದವು. ಒಂದೊಂದೂ ಮುಂದೆ ಒಂದು ಎಸಳು. ಆ ರೈತರು ಬಹಳ ಹೊತ್ತು ಕನ್ನಡಿ ಕೈಬಿಡಲಿಲ್ಲ. ನಿಮ್ಮ ತೋಟದಲ್ಲೂ ದೀಪದ ಕಾಲ ಮುಗಿಯುವ ಮುಂಚೆ ನಾಲ್ಕಾರು ಕಡೆ ತುದಿ ಸೀಳಿ ನೋಡಿ. ಮೊಗ್ಗು ಹೊರಗೆ ಕಾಣುವುದಕ್ಕೆ ಎಷ್ಟೋ ದಿನ ಮುಂಚೆಯೇ ತುದಿ ನಿಜ ಹೇಳುತ್ತದೆ.

ಅಳತೆಗೆ ಒಂದು ಲಕ್ಸ್ ಮೀಟರ್ ತೆಗೆದುಕೊಳ್ಳಿ. ಬಲ್ಬಿನ ಕೆಳಗೆ ಹಿಡಿದು ಸಮಾಧಾನ ಪಡಬೇಡಿ. ನಾಲ್ಕು ಬಲ್ಬುಗಳ ನಡುಮಧ್ಯೆ, ಅತಿ ಕಡಿಮೆ ಬೆಳಕಿರುವಲ್ಲಿ, ಗಿಡದ ನೆತ್ತಿಯ ಮಟ್ಟದಲ್ಲಿ ಹಿಡಿಯಿರಿ. ಅಲ್ಲಿ 100ರ ಹತ್ತಿರ ಬಂದರೆ ನೆಮ್ಮದಿ. ಗಿಡ ಎತ್ತರವಾದಂತೆ ಸಾಲನ್ನು ಮೇಲಕ್ಕೆ ಕಟ್ಟಿ, ಮತ್ತೆ ಅಳೆಯಿರಿ. ಮಳೆಗೆ, ಮಂಜಿಗೆ ತೆರೆದ ಹೋಲ್ಡರ್‌ಗಳು, ಒದ್ದೆ ನೆಲ, ಬರಿಗಾಲು, ಇವು ಮೂರೂ ಒಂದೇ ಜಾಗದಲ್ಲಿ ಇರುತ್ತವೆ. ದಯವಿಟ್ಟು ಲೈನಿಗೆ ಇ.ಎಲ್.ಸಿ.ಬಿ., ಅಂದರೆ ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು, ಹಾಕಿಸಿ. ಹೂವಿನ ಹೊಲದಲ್ಲಿ ಬೆಳಿಗ್ಗೆ ಕತ್ತಲಿರುವಾಗಲೇ ಕೊಯ್ಯಲು ಬರುವವರು ಹೆಂಗಸರು. ಅವರ ಕಾಲಡಿಯ ತಂತಿಗೆ ನಾವೇ ಹೊಣೆ.

ನನ್ನದೇ ಒಂದು ಬೆಳೆ ಹೋದ ಕಥೆಯನ್ನೂ ಹೇಳಬೇಕು. ದೊಡ್ಡಬಳ್ಳಾಪುರದ ಕಡೆ ಅರ್ಧ ಎಕರೆ ಪಾಲಿಹೌಸ್ ಗುತ್ತಿಗೆಗೆ ಹಿಡಿದಿದ್ದೆ. ದೀಪಕ್ಕೆ ಮುಳ್ಳು ತಿರುಗುವ ಹಳೆಯ ಥರದ ಟೈಮರ್, ಬ್ಯಾಟರಿ ಇಲ್ಲದ್ದು. ಹತ್ತಕ್ಕೆ ಹೊತ್ತಿ ಎರಡಕ್ಕೆ ಆರುವಂತೆ ಇಟ್ಟು ಒಂದು ವಾರ ಊರಿಗೆ ಹೋದೆ. ಆ ವಾರ ದಿನಕ್ಕೆ ಒಂದೂವರೆ ಎರಡು ಗಂಟೆ ಕರೆಂಟ್ ಹೋಗುತ್ತಿತ್ತು. ಕರೆಂಟ್ ಹೋದರೆ ಆ ಟೈಮರಿನ ಮುಳ್ಳೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಶುರು. ದಿನಕ್ಕೆ ಎರಡು ಗಂಟೆಯಂತೆ ಹಿಂದೆ ಬಿದ್ದು, ನಾಲ್ಕು ದಿನದಲ್ಲಿ ಹತ್ತರ ದೀಪ ಬೆಳಿಗ್ಗೆ ಆರಕ್ಕೆ ಹೊತ್ತತೊಡಗಿತು. ನಮ್ಮ ಹುಡುಗ ಅದನ್ನು ನೋಡಿ, ಒಳ್ಳೆಯ ಮನಸ್ಸಿನಿಂದಲೇ ಮೇನ್ ಆರಿಸಿದ. ನಾನು ಬಂದಾಗ, "ಬೆಳಿಗ್ಗೆ ಹೊತ್ನಲ್ಲಿ ಸುಮ್ನೆ ಉರೀತಿತ್ತು ಸಾರ್, ಕರೆಂಟ್ ದಂಡ ಅಂತ ಆಫ್ ಮಾಡ್ದೆ" ಅಂದ. ಅವನಿಗೆ ದೀಪ ಯಾಕೆ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ. ಅಷ್ಟು ರಾತ್ರಿಗಳ ಪೂರ್ತಿ ಕತ್ತಲು ಸಾಕಾಗಿತ್ತು. ಮತ್ತೆ ದೀಪ ಹಾಕಿದರೂ ತುದಿಗಳು ಅರ್ಧ ಮನಸ್ಸಿನಲ್ಲಿ ಮೊಗ್ಗು ಕಟ್ಟಿ ನಿಂತವು, ಅರಳಲೂ ಇಲ್ಲ, ಬೆಳೆಯಲೂ ಇಲ್ಲ. ಕಂತೆ ಕಟ್ಟುವಷ್ಟು ಕಾಂಡ ಬರಲಿಲ್ಲ. ಬಿಡಿ ಹೂವಾಗಿ ಬಂದ ಬೆಲೆಗೆ ಮಾರಿದೆ. ಆಮೇಲೆ ನಾನು ಮಾಡಿದ ಬದಲಾವಣೆ ಎರಡು: ಬ್ಯಾಟರಿ ಇರುವ ಡಿಜಿಟಲ್ ಟೈಮರ್, ಮತ್ತು ತೋಟದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಇವತ್ತು ನಿಮಗೆ ಹೇಳಿದ ಇಷ್ಟೂ ವಿಷಯ.

ದೀಪ ಆರಿದ ಮೇಲಿನ ಕಾಲದ ಬಗ್ಗೆ ಒಂದೇ ಎಚ್ಚರಿಕೆ. ಪಾಲಿಹೌಸಿನವರು ಹೂವು ಒಂದೇ ಸಮ ಬರಲೆಂದು ಸಂಜೆ ಕರಿ ಪರದೆ ಎಳೆಯುತ್ತೀರಿ. ಬಿಸಿಲಿರುವಾಗಲೇ ಐದಕ್ಕೆ ಎಳೆದರೆ ಒಳಗೆ ಕಾವು ಕೂತುಬಿಡುತ್ತದೆ. ರಾತ್ರಿಯ ಶಾಖ 25 ಡಿಗ್ರಿ ದಾಟಿದರೆ ಅದೇ ಎಂಟು ವಾರದ ತಳಿ ಒಂಬತ್ತು ಹತ್ತು ವಾರ ತೆಗೆದುಕೊಳ್ಳುತ್ತದೆ. ಕತ್ತಲಿಗೆ ಆಸೆಪಟ್ಟು ಹಬ್ಬ ಕಳೆದುಕೊಂಡಂತೆ. ಬಿಸಿಲು ಇಳಿದ ಮೇಲೆ ಎಳೆಯಿರಿ, ಬೇಕಿದ್ದರೆ ಬೆಳಿಗ್ಗೆ ಸ್ವಲ್ಪ ತಡವಾಗಿ ತೆಗೆಯಿರಿ. ಗಿಡಕ್ಕೆ ಕತ್ತಲಿನ ಉದ್ದ ಮುಖ್ಯ.

ಪ್ರಶ್ನೆಗಳಲ್ಲಿ ಮೊದಲನೆಯದು ಹಿಂದಿನ ಸಾಲಿನ ಅಕ್ಕನವರದ್ದು: ಹುಣ್ಣಿಮೆಯ ಬೆಳದಿಂಗಳು ಬಿದ್ದರೆ ಮೊಗ್ಗು ತಡವಾಗುತ್ತಾ? ಇಲ್ಲ ಅಕ್ಕ. ಬೆಳದಿಂಗಳು ಒಂದು ಲಕ್ಸ್‌ನ ಕಾಲು ಭಾಗದಷ್ಟು. ಸೇವಂತಿಗೆಗೆ ಅದು ಕತ್ತಲೇ. ರಸ್ತೆಯ ಎಲ್‌ಇಡಿ ಕಂಬ ಪಕ್ಕದಲ್ಲಿದ್ದರೆ ಬೇರೆ ಮಾತು. ಕ್ರಿಸ್‌ಮಸ್‌ಗೆ ಕೆಂಪು ಎಲೆಯ ಪಾಯಿನ್ಸೆಟಿಯಾ ಬೆಳೆಯುವವರು ಹೆದ್ದಾರಿ ಬದಿಯಲ್ಲಿದ್ದರೆ ಆ ಕಡೆಗೆ ಮರೆ ಕಟ್ಟಲೇಬೇಕು, ಇಲ್ಲದಿದ್ದರೆ ಡಿಸೆಂಬರಿನಲ್ಲೂ ಹಸಿರಾಗಿಯೇ ಇರುತ್ತದೆ.

ಚೆಂಡು ಹೂವಿಗೂ ಬಲ್ಬು ಹಾಕಬೇಕೆ ಎಂದು ಇನ್ನೊಬ್ಬರು ಕೇಳಿದರು. ಬೇಡ. ಅದಕ್ಕೂ ಚಿಕ್ಕ ಹಗಲು ಇಷ್ಟ, ಆದರೆ ಸೇವಂತಿಗೆಯಷ್ಟು ಹಟವಿಲ್ಲ. ಹೂವು ಹೇಗಾದರೂ ಬರುತ್ತದೆ. ಗುಲಾಬಿಗಂತೂ ಹಗಲಿನ ಉದ್ದದ ಗೊಡವೆಯೇ ಇಲ್ಲ.

ಕೊನೆಯ ಪ್ರಶ್ನೆ ಕೇಳಿದವರು ಸ್ವಲ್ಪ ಬೇಸರದಲ್ಲಿದ್ದರು. "ನಾನು ದೀಪ ಆರ್ಸಿ ಹತ್ತು ದಿನ ಆಯ್ತು ಸಾರ್. ಪಕ್ಕದ ಹೊಲದವ್ರು ಈಗ ಹಚ್ಚಿದ್ದಾರೆ. ಬದುವಿನ ಕಡೆ ಆರು ಸಾಲು ಮೊಗ್ಗೇ ಕಟ್ಟಿಲ್ಲ. ಅವ್ರನ್ನ ಕೇಳಿದ್ರೆ ನಿನ್ ಹೊಲಕ್ಕೂ ಪುಕ್ಕಟೆ ಬೆಳಕು ಬಿತ್ತಲ್ಲ, ಬಿಡು ಅಂತಾರೆ." ಆ ಪಕ್ಕದವರೂ ಸಭೆಯಲ್ಲಿ ಇದ್ದಾರೆ ಎಂದು ಆಮೇಲೆ ಗೊತ್ತಾಯಿತು. ಇಬ್ಬರನ್ನೂ ಮುಂದೆ ಕರೆದು ಹಲಗೆಯ ಮೇಲೆ ಎರಡು ಹೊಲ, ನಡುವೆ ಬದು ಬರೆದು, ಬೆಳಕು ಎಲ್ಲಿಯವರೆಗೆ ಬೀಳುತ್ತದೆ ಎಂದು ತೋರಿಸಿದೆ. ಬದುವಿನ ಕಡೆಯ ಎರಡು ಸಾಲು ಬಲ್ಬುಗಳಿಗೆ ತಗಡಿನ ಮುಚ್ಚಳ ಕಟ್ಟಿ ಬೆಳಕನ್ನು ಒಳಗೆ ತಿರುಗಿಸಲು ಅವರು ಒಪ್ಪಿದರು. ಬದುವಿಗೆ ಐದಡಿ ಕರಿ ಪರದೆ ಕಟ್ಟುವ ಖರ್ಚನ್ನು ಇವರು ವಹಿಸಿಕೊಂಡರು. ಮುಂದಿನ ಸಲ ನಾಟಿಗೆ ಮುಂಚೆ ಇಬ್ಬರೂ ಒಟ್ಟಿಗೆ ಕೂತು ಪಂಚಾಂಗ ನೋಡುತ್ತಾರಂತೆ.